ಕಿವಿಗೆ ಒಪ್ಪುವ ಹೆಸರು

ನಮ್ಮ ಮನೆಯಲ್ಲಿ ಒಂದು ಸ್ಟೀಲ್ ತಟ್ಟೆ ಇದೆ. ನೆಂಟರು ಬಂದಾಗ ಅದನ್ನು ಯಾರಿಗೂ ಹಾಕುವುದಿಲ್ಲ. ಅಂಚೆಲ್ಲ ನೆಗ್ಗಿ ಹೋಗಿ, ನೆಲದ ಮೇಲಿಟ್ಟರೆ ಒಂದು ಕಡೆ ವಾಲುತ್ತದೆ. ಸಾರು ಬಡಿಸಿದರೆ ಅನ್ನವನ್ನು ಬಿಟ್ಟು ಆಚೆ ಹರಿಯುತ್ತದೆ. ಮಾಡಿದ್ದುಣ್ಣೋ ಮಹರಾಯ ಅಂತ ನನ್ನಾಕೆ ಅದನ್ನು ನನಗೇ ಮೀಸಲಿಟ್ಟಿದ್ದಾಳೆ. ನೆಗ್ಗಿಸಿದವನು ನಾನೇ ಆದ್ದರಿಂದ ತಕರಾರಿಲ್ಲ. ಆದರೆ ಊಟಕ್ಕೆ ಕುಳಿತಾಗ ಬೆರಳು ಆ ತಗ್ಗುಗಳ ಮೇಲೆ ಹೋದರೆ ಸಾಕು, ಕಳೆದ ವರ್ಷದ ಆ ತಿಂಗಳುಗಳ ದಿಗಿಲು ಮರಳಿ ಬರುತ್ತದೆ.

ನನ್ನ ಮಗಳು ಚೈತ್ರ ಚೊಚ್ಚಲ ಹೆರಿಗೆಗೆ ಹೊಸದುರ್ಗಕ್ಕೆ, ನಮ್ಮ ಮನೆಗೆ ಬಂದಿದ್ದಳು. ಅವಳ ಗಂಡ ಮಂಜ ಬೇರೆ ಯಾರೂ ಅಲ್ಲ, ಬಾಗೂರಿನಲ್ಲಿರುವ ನನ್ನ ಅಕ್ಕ ಹನುಮಕ್ಕನ ಮಗ. ಹೀಗಾಗಿ ಹುಟ್ಟುವ ಕೂಸಿಗೆ ನಾನು ಅಜ್ಜ, ನನ್ನ ಅಕ್ಕ ಅಜ್ಜಿ. ಜಿಲ್ಲಾ ಕೇಂದ್ರ ದುರ್ಗದ ಆಸ್ಪತ್ರೆಯಲ್ಲಿ ಹೆಣ್ಣು ಕೂಸಾಯಿತು. ಎಲ್ಲ ಸಲೀಸು. ಮನೆಗೆ ಹೊರಡುವ ದಿನ ಕಿವಿ ಪರೀಕ್ಷೆ ಮಾಡುವ ಮೇಡಂ ಒಬ್ಬರು ಅಂಗೈಯಗಲದ ಯಂತ್ರ ಹಿಡಿದು ಬಂದರು. ಮಲಗಿದ್ದ ಕೂಸಿನ ಕಿವಿಗೆ ಅದರ ರಬ್ಬರ್ ತುದಿ ಇಟ್ಟರು, ನೋಡಿದರು. ಇನ್ನೊಂದು ಕಿವಿಗಿಟ್ಟರು, ನೋಡಿದರು. ಮತ್ತೆ ಮೊದಲನೆಯದಕ್ಕೆ ಬಂದರು.

"ಎರಡೂ ಕಡೆ ರೆಫರ್ ಬಂದಿದೆ. ಗಾಬರಿ ಆಗೋದು ಏನಿಲ್ಲ. ಹುಟ್ಟುವಾಗ ಕಿವೀಲಿ ಸ್ವಲ್ಪ ನೀರು, ಕಸ ಇರುತ್ತೆ. ಒಂದೂವರೆ ತಿಂಗಳು ಬಿಟ್ಟು ಬನ್ನಿ, ಇನ್ನೊಮ್ಮೆ ನೋಡೋಣ" ಅಂದರು.

ಈ ರೆಫರ್ ಅನ್ನುವ ಪದದ ಬಗ್ಗೆ ನಿಮಗೆ ನಾಲ್ಕು ಮಾತು ಹೇಳಬೇಕು. ಯಂತ್ರದ ಭಾಷೆಯಲ್ಲಿ ಅದಕ್ಕೆ 'ಮತ್ತೊಮ್ಮೆ ನೋಡಿ' ಅಂತ ಅರ್ಥ. ಪಾಸಾಗದ ಹಸುಗೂಸಿಗೆ ಫೇಲ್ ಅನ್ನಲು ಮನಸ್ಸು ಬಾರದೆ ಯಾರೋ ಪುಣ್ಯಾತ್ಮರು ಇಟ್ಟ ಮೆತ್ತನೆಯ ಪದ ಇರಬೇಕು. ಆದರೆ ನಮ್ಮ ಸೀಮೆಯಲ್ಲಿ ಅದು ಮೆತ್ತನೆಯ ಪದ ಅಲ್ಲವೇ ಅಲ್ಲ. ಹೊಸದುರ್ಗದಿಂದ ದುರ್ಗಕ್ಕೆ ರೆಫರ್, ದುರ್ಗದಿಂದ ದಾವಣಗೆರೆಗೆ ರೆಫರ್, ಅಲ್ಲಿಂದ ಬೆಂಗಳೂರಿಗೆ ರೆಫರ್. ಹಾಗೆ ಹೋದವರಲ್ಲಿ ವಾಪಸ್ ಬಂದವರ ಹೆಸರು ಯಾರಿಗೂ ನೆನಪಿರುವುದಿಲ್ಲ, ಬಾರದವರದು ಮಾತ್ರ ಇರುತ್ತದೆ. 'ರೆಫರ್ ಮಾಡಿದ್ರಂತೆ' ಅಂತ ಬಸ್‌ಸ್ಟ್ಯಾಂಡಿನಲ್ಲಿ ಸುದ್ದಿ ಬಂದರೆ ಟೀ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಚ್ಚು ಚ್ಚು ಅನ್ನುತ್ತಾರೆ. ಮಂಜ ತನ್ನ ತಾಯಿಗೆ ಫೋನು ಮಾಡಿ ಇದೊಂದೇ ಪದ ಹೇಳಿ, ಅಳು ಬಂದು, ಫೋನು ಇಟ್ಟುಬಿಟ್ಟಿದ್ದ.

ಅಕ್ಕ ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಸಿಕ್ಕ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಬಗಲಲ್ಲಿ ಕಂಬಳಿ, ಕೈಯಲ್ಲಿ ಬುತ್ತಿ. ಬಾಗಿಲಲ್ಲೇ ಕೇಳಿದಳು:

"ಲೇ ತಿಪ್ಪೇಶಿ, ಆಂಬುಲೆನ್ಸ್ ಎಲ್ಲೈತೆ? ಯಾವೂರಿಗೆ ಬರ್ದಾರೆ?"

"ಯಾವೂರಿಗೂ ಬರ್ದಿಲ್ಲ ಕಣಕ್ಕ. ಒಂದೂವರೆ ತಿಂಗ್ಳು ಬಿಟ್ಟು ದುರ್ಗದಾಗೇ ಇನ್ನೊಂದು ಸಲ ನೋಡ್ತಾರಂತೆ."

"ಮತ್ತೆ ರೆಫರ್ ಅಂದ್ರಂತಲ್ಲೋ?"

"ಅದು ಕಿವಿಗೆ ಮಾತ್ರ."

"ಕಿವಿ ಒಂದನ್ನೇ ಹೆಂಗ್ ಕಳಿಸ್ತಾರಲೇ?"

ನಾನು ನಕ್ಕುಬಿಟ್ಟೆ. ಅಕ್ಕ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತವಳಿಗೆ ನಿಧಾನಕ್ಕೆ ಅರ್ಥವಾಯಿತು. "ಅಂದ್ರೆ ಕೂಸಿಗೆ ಕಿವಿ ಕೇಳ್ಸಲ್ಲ ಅಂತಾನಾ?" ಅಂದಳು. ಅಷ್ಟು ನೇರವಾಗಿ ಆ ಮಾತನ್ನು ನಮ್ಮಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ.

ನಮ್ಮವರಲ್ಲಿ ಹೆಸರಿಡುವ ದಿನ ಸೋದರತ್ತೆ ಕೂಸಿನ ಕಿವಿಗೆ ಬಾಯಿಟ್ಟು ಮೂರು ಸಲ ಹೆಸರು ಹೇಳಬೇಕು. ಆ ಹೆಸರು ಮೊದಲು ಕೂಸಿಗೆ ಗೊತ್ತಾಗಬೇಕು, ಆಮೇಲೆ ಊರಿಗೆ. ಮಂಜನಿಗೆ ಅಕ್ಕತಂಗಿಯರಿಲ್ಲ, ಹಾಗಾಗಿ ಆ ಕೆಲಸ ನನ್ನ ಅಕ್ಕನದೇ. ಅವಳು ತೊಟ್ಟಿಲ ಪಕ್ಕ ಕುಳಿತು ಅಲ್ಲೇ ತೀರ್ಮಾನ ಕೊಟ್ಟಳು. "ಹೆಸರಿಡಾದು ಕಿವಿ ಕೇಳ್ಸಿದ ಮ್ಯಾಲೆ. ಕೇಳ್ಸದ ಕಿವಿಯಾಗೆ ಏನಂತ ಕೂಗ್ಲಿ? ಹೆಸ್ರು ಎಲ್ಲಿಗೆ ಹೋಗಿ ಕುಂತ್ಕಳ್ಳಾದು?" ಅವಳದು ಕೋಪದ ಮಾತಾಗಿರಲಿಲ್ಲ, ಭಯದ ಮಾತು. ಚೈತ್ರ ಗೋಡೆ ಕಡೆ ತಿರುಗಿ ಮಲಗಿದಳು. ಅಂದಿನಿಂದ ಕೂಸಿಗೆ ಪಾಪು ಅನ್ನುವುದೇ ಗತಿಯಾಯಿತು. ನೋಡಲು ಬಂದವರು ಏನು ಹೆಸರು ಅಂತ ಕೇಳಿದಾಗಲೆಲ್ಲ ನನ್ನಾಕೆ ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು.

ಹಾಗೆ ನೋಡಿದರೆ ಕಿವಿಯ ವಿಷಯದಲ್ಲಿ ನಾನು ಸಾಮಾನ್ಯನಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ವರ್ಷಾ ವರ್ಷಾ ಬೋರ್ಡಿನ ತುಂಬ ಒಂದು ಕಿವಿ ಬರೆದವನು. ಹೊರಗಿವಿ, ನಡುಗಿವಿ, ಒಳಗಿವಿ, ತಮಟೆ, ತಮಟೆಗೆ ಅಂಟಿಕೊಂಡ ಮೂರು ಪುಟ್ಟ ಮೂಳೆಗಳು: ಸುತ್ತಿಗೆ, ಅಡಿಗಲ್ಲು, ಕುದುರೆ ಜೀನಿನ ರಿಕಾಪು. ಒಂದು ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಕಿವಿಯೊಳಗೆ ಕುಲುಮೆ ಐತಾ ಸಾರ್?" ಅಂದಿದ್ದಳು. ಸುತ್ತಿಗೆ, ಅಡಿಗಲ್ಲು ಇದ್ದ ಮೇಲೆ ಕಮ್ಮಾರನೂ ಇರಬೇಕಲ್ಲ ಅನ್ನುವುದು ಅವಳ ನ್ಯಾಯ. ಅದಕ್ಕೂ ಒಳಗೆ ಶಂಖದ ಹಾಗೆ ಸುರುಳಿ ಸುತ್ತಿದ ಭಾಗ, ಅದರಲ್ಲಿ ಕೂದಲಿಗಿಂತ ಸಣ್ಣ ಎಳೆಗಳು, ಅಲ್ಲಿಂದ ಮಿದುಳಿಗೆ ನರ. ಇವನ್ನೆಲ್ಲ ಬಾಯಿಪಾಠ ಮಾಡಿಸಿದವನು ನಾನು. ಈಗ ನೋಡಿದರೆ ನನ್ನ ತಿಳಿವಳಿಕೆ ಧೈರ್ಯಕ್ಕೆ ಬರಲಿಲ್ಲ, ಹೆದರಿಕೆಗೆ ಬಂತು. ಏನೂ ಗೊತ್ತಿಲ್ಲದ ಅಕ್ಕನಿಗೆ ಒಂದೇ ಒಂದು ಹೆದರಿಕೆ. ನನಗೆ ಕಿವಿಯ ಭಾಗಗಳೆಷ್ಟೋ ಅಷ್ಟು. ಬೆಳಿಗ್ಗೆ ತಮಟೆಗೆ ಹೆದರಿದರೆ ಮಧ್ಯಾಹ್ನ ರಿಕಾಪಿಗೆ, ಸಂಜೆ ನರಕ್ಕೆ.

ನನ್ನ ಸ್ವಂತ ಕಿವಿಗಳ ಚರಿತ್ರೆಯೂ ಅಷ್ಟೇನೂ ಗೌರವದ್ದಲ್ಲ. ಬಾಗೂರಿನಲ್ಲಿ ಹುಡುಗರು ನನ್ನನ್ನು ಕರೆಯುತ್ತಿದ್ದದ್ದು ಸೋರ್ಕಿವಿ ಅಂತ. ಕೆರೆಯಲ್ಲಿ ಬಿದ್ದು ಈಜಿ, ಕಿವಿಗೆ ನೀರು ಹೋಗಿ, ಬಿಸಿಲಿಗೆ ಕಾದ ಬೆಣಚುಕಲ್ಲನ್ನು ಕಿವಿಗೆ ಒತ್ತಿ ಹಿಡಿದು ಒಂಟಿ ಕಾಲಲ್ಲಿ ಕುಣಿಯುತ್ತಿದ್ದೆವು. ಉಳಿದವರ ಕಿವಿಯಿಂದ ನೀರು ಬರುತ್ತಿತ್ತು, ನನ್ನದರಿಂದ ಕೀವು. ಅಕ್ಕ ನನ್ನನ್ನು ಎಳೆದುಕೊಂಡು ಬಾಣಂತಿಯರ ಮನೆ ಮನೆಗೆ ಹೋಗುತ್ತಿದ್ದಳು, ಎರಡು ತೊಟ್ಟು ಎದೆಹಾಲು ಕಿವಿಗೆ ಬಿಡಿಸಲು. ಅದಾಗದಿದ್ದರೆ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ. ಅದರ ಮೇಲೆ ಅರಳೆ. ತರಗತಿಯಲ್ಲಿ ನಾನು ಕುಳಿತ ಕಡೆ ಒಗ್ಗರಣೆ ವಾಸನೆ ಬರುತ್ತಿತ್ತು. ಈ ಮದ್ದುಗಳನ್ನು ಯಾರಿಗೂ ಮಾಡಬೇಡಿ ಅಂತ ಈಗ ನಾನೇ ಪಾಠ ಹೇಳುತ್ತೇನೆ. ಕೊನೆಗೆ ದುರ್ಗದ ಡಾಕ್ಟರೊಬ್ಬರು ಒಳಗೆ ಇಣುಕಿ, ಪರದೆ ತೂತಾಗಿದೆ ಅಂದು ಹನಿ ಔಷಧ ಕೊಟ್ಟರು, ವಾಸಿಯಾಯಿತು. ವಾಸಿಯಾಗುವ ಕಾಯಿಲೆಯೊಂದು ಎಂಥ ಐಶ್ವರ್ಯ ಅನ್ನುವುದು ಆಗ ಗೊತ್ತಿರಲಿಲ್ಲ.

ಆ ಒಂದೂವರೆ ತಿಂಗಳು ನಮ್ಮ ಮನೆ ಮನೆಯಾಗಿರಲಿಲ್ಲ. ತೊಟ್ಟಿಲ ಹಿಂದೆ ಸದ್ದಿಲ್ಲದೆ ಹೋಗಿ ನಿಂತು ತಟ್ಟೆಗೆ ಸೌಟಿನಿಂದ ಫಟ್ ಅಂತ ಬಾರಿಸುವುದು ನನ್ನ ಕೆಲಸ. ಕೂಸು ರೆಪ್ಪೆ ಮಿಟುಕಿಸಿದರೆ ನನ್ನಾಕೆ "ಕೇಳ್ತು! ಕೇಳ್ತು ರೀ!" ಅನ್ನುತ್ತಿದ್ದಳು. ನಾನು ಬಿಡುತ್ತಿರಲಿಲ್ಲ. ತಟ್ಟೆ ಬೀಸಿದ ಗಾಳಿಗೆ ಮಿಟುಕಿಸಿರಬಹುದು ಅಂತ ಇನ್ನಷ್ಟು ದೂರ ಹೋಗಿ ಬಾರಿಸುತ್ತಿದ್ದೆ. ಆಗ ಮಿಟುಕಿಸುತ್ತಿರಲಿಲ್ಲ. ದೂರ ಹೆಚ್ಚಾಯಿತೇನೋ ಅಂತ ಮತ್ತೆ ಹತ್ತಿರ ಬರುತ್ತಿದ್ದೆ. ಮಂಜ ಬಂದಾಗಲೆಲ್ಲ ಗಿಲಕಿ, ಪೀಪಿ, ಒತ್ತಿದರೆ ಕಿರುಚುವ ಬಾತುಕೋಳಿ ತರುತ್ತಿದ್ದ. ಅವು ಸಾಲದೆ ಬೈಕನ್ನು ಕಿಟಕಿ ಕೆಳಗೆ ತಂದು ಹಾರನ್ ಹೊಡೆಯುತ್ತಿದ್ದ. ಪಕ್ಕದ ಮನೆಯವರು ಏನು ಸಮಾಚಾರ ಅಂತ ಎರಡು ಸಲ ಬಂದು ಹೋದರು. ಕುಕ್ಕರ್ ಕೂಗಿದರೆ ಅಡುಗೆ ಮನೆಯಲ್ಲಿದ್ದವರು ಒಲೆ ಆರಿಸುವುದು ಬಿಟ್ಟು ತೊಟ್ಟಿಲ ಕಡೆ ಓಡುತ್ತಿದ್ದರು.

ಒಂದು ಮಧ್ಯಾಹ್ನ ನಾನು ತಟ್ಟೆ ಎತ್ತಿದಾಗ ಚೈತ್ರ ಅದನ್ನು ಕೈಯಿಂದ ಕಿತ್ತುಕೊಂಡಳು. "ಎಲ್ರೂ ಪಾಪು ಹಿಂದೆ ಬಂದು ಬಡೀತೀರ. ಮುಂದೆ ಬಂದು ಒಬ್ರಾದ್ರೂ ಮಾತಾಡ್ಸಿದ್ರಾ ಅಪ್ಪ?" ಅಂದಳು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನಿಜವಾಗಿಯೂ ಆ ಕೂಸನ್ನು ನಾವು ಮುದ್ದು ಮಾಡುವುದನ್ನೇ ಬಿಟ್ಟಿದ್ದೆವು. ಅಂದು ಸಂಜೆ ನಾನು ಅದರ ಎದುರು ಕುಳಿತು ಅದೂ ಇದೂ ಮಾತಾಡಿದೆ. ಅದು ನನ್ನ ಬಾಯಿಯನ್ನೇ ನೋಡುತ್ತಿತ್ತು. ಕೇಳದಿರುವವರು ಬಾಯಿ ನೋಡುತ್ತಾರೆ ಅಂತ ನೆನಪಾಗಿ ಮತ್ತೆ ಜೀವ ಝಲ್ಲೆಂದಿತು.

ಎರಡನೆಯ ಸಲವೂ ರೆಫರ್ ಬಂತು. ಈ ಸಲ ಕಿವಿ ಮೂಗು ಗಂಟಲು ಡಾಕ್ಟರ ಮುಂದೆ ನಾವೆಲ್ಲ ಕುಳಿತೆವು. ಅವರು ಬರೆಯುತ್ತ ಬರೆಯುತ್ತ, "ಸಂಬಂಧದಲ್ಲೇ ಮದುವೆನಾ?" ಅಂದರು.

"ಹೂಂ ಮತ್ತೆ! ನನ್ನ ತಮ್ಮನ ಮಗಳನ್ನೇ ತಂದಿರಾದು" ಅಂದಳು ಅಕ್ಕ, ನಾಲ್ಕು ಜನರ ಮುಂದೆ ಯಾವಾಗಲೂ ಹೇಳುವ ಹೆಮ್ಮೆಯಲ್ಲೇ. ಡಾಕ್ಟರ ಪೆನ್ನು ಒಂದು ಗಳಿಗೆ ನಿಂತಿತು. ಅಕ್ಕನ ಮುಖ ಇಳಿಯಿತು. "ಹಂಗೆ ಮಾಡ್ಬಾರ್ದಿತ್ತಾ ಸ್ವಾಮಿ?" ಅಂತ ಕೇಳಿದಳು.

"ಸಂಬಂಧದ ಎಲ್ಲ ಮದುವೇಲೂ ಹೀಗಾಗಲ್ಲಮ್ಮ. ಇದರಿಂದಲೇ ಆಯ್ತು ಅಂತಾನೂ ಹೇಳೋಕಾಗಲ್ಲ. ಎಲ್ಲರನ್ನೂ ಕೇಳ್ತೀವಿ" ಅಂದು ಅವರು, "ಇನ್ನು ತಡ ಮಾಡೋದು ಬೇಡ, ಬೆರಾ ಮಾಡಿಸಿಬಿಡಿ" ಅಂದರು.

ಬೆರಾ ಅಂದರೆ ಕೂಸನ್ನು ಮಲಗಿಸಿ, ತಲೆಗೆ ವೈರು ಅಂಟಿಸಿ, ಶಬ್ದ ಮಿದುಳಿನವರೆಗೆ ಹೋಗುತ್ತದೋ ಇಲ್ಲವೋ ನೋಡುವ ಪರೀಕ್ಷೆ. ಅಕ್ಕನ ಕಿವಿಗೆ ಅದು ಬೇರು ಅಂತ ಬಿದ್ದಿತ್ತು. "ಯಾವ ಗಿಡದ ಬೇರು ಅಂತ ಕೇಳಲೇ. ಜವನಗೊಂಡನಹಳ್ಳಿ ಕಡೆ ನಮ್ಮೋರು ಅವ್ರೆ, ತರಿಸ್ತೀನಿ" ಅಂತ ಮೊಣಕೈಯಿಂದ ತಿವಿದಳು. ಆ ಹೊತ್ತಿನಲ್ಲಿ ನಗುವ ಶಕ್ತಿ ಯಾರಿಗೂ ಇರಲಿಲ್ಲ. ಹಿಂದಿರುಗುವಾಗ ಬಸ್ಸು ಹೊಳಲ್ಕೆರೆ ದಾಟಿತು. ಅಕ್ಕ ನನ್ನ ಕಡೆ ತಿರುಗಿ, "ಹೆಣ್ಣು ಕೇಳಿದ್ದು ನಾನೇ ಕಣಲೇ" ಅಂದಳು.

"ಕೊಟ್ಟಿದ್ದು ನಾನೇ ಕಣಕ್ಕ" ಅಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಚಿಕ್ಕಂದಿನಲ್ಲಿ ಎದೆಹಾಲು ಬಿಡಿಸಲು ಎಳೆದುಕೊಂಡು ಹೋಗುತ್ತಿದ್ದಾಗಲೂ ಇಷ್ಟೇ ಬಿಗಿಯಾಗಿ ಹಿಡಿಯುತ್ತಿದ್ದಳು.

ಬೆರಾದ ದಿನ ನಾನು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಪ್ರಾರ್ಥನೆ ಮಾಡಿದೆ. ನನ್ನಂಥವನ ಪ್ರಾರ್ಥನೆಯೂ ಪಠ್ಯಪುಸ್ತಕದ ಹಾಗೇ ಇರುತ್ತದೆ. ಕಿವುಡಿನಲ್ಲಿ ಎರಡು ಬಗೆ: ದಾರಿಯಲ್ಲಿ ನೀರೋ ಕೀವೋ ತೂತೋ ಅಡ್ಡ ನಿಂತು ಆಗುವುದು ಕಂಡಕ್ಟಿವ್. ಅದಕ್ಕೆ ಔಷಧ ಉಂಟು, ಆಪರೇಷನ್ ಉಂಟು. ಇನ್ನೊಂದು ಒಳಗಿನ ನರದ್ದು, ಅದಕ್ಕೆ ಮದ್ದಿಲ್ಲ. ದೇವರೇ, ಕಂಡಕ್ಟಿವ್ ಆಗಲಿ ಅಂತ ಬೇಡಿಕೊಂಡೆ. ನನ್ನ ಸೋರುವ ಕಿವಿಯನ್ನೇ ಅದಕ್ಕೆ ಕೊಡು, ಸೋರ್ಕಿವಿ ಅಂತ ಊರೆಲ್ಲ ಕರೆದರೂ ಪರವಾಗಿಲ್ಲ ಅಂದೆ. ಮೊಮ್ಮಗಳಿಗೆ ಕೀವು ಬರಲಿ ಅಂತ ಹರಕೆ ಹೊತ್ತ ಅಜ್ಜ ಭೂಮಿಯ ಮೇಲೆ ಇನ್ನೊಬ್ಬ ಇರಲಾರ.

ಕಂಡಕ್ಟಿವ್ ಆಗಲಿಲ್ಲ. ನರದ್ದು, ಎರಡೂ ಕಡೆ. ಪೂರ್ತಿ ಇಲ್ಲ ಅಂತಲ್ಲ, ಕಡಿಮೆ; ಸಾಕಷ್ಟು ಕಡಿಮೆ. ಮೊದಲು ಕಿವಿಗೆ ಕೇಳಿಸುವ ಮಶಿನ್ ಹಾಕಿ ನೋಡೋಣ, ಅದರಲ್ಲಿ ಸಾಲದಿದ್ದರೆ ಮುಂದೆ ಒಳಗೇ ಯಂತ್ರ ಕೂರಿಸುವ ಆಪರೇಷನ್ನಿನ ಯೋಚನೆ ಅಂದರು. ಚೈತ್ರ ಅಳಲಿಲ್ಲ. ಮಂಜ ಅತ್ತ. ನಾನು ಏನು ಮಾಡಿದೆನೋ ನೆನಪಿಲ್ಲ.

ಅವತ್ತು ಕಿವಿ ಮೇಡಂ ಒಂದು ಗೆರೆ ಚಿತ್ರ ತೋರಿಸಿದರು. "ನೋಡಿ, ನಾವು ಮಾತಾಡೋ ಅಕ್ಷರಗಳೆಲ್ಲ ಈ ಜಾಗದಲ್ಲಿ ಬರ್ತವೆ. ಆಕಾರ ನೋಡಿ ಇದಕ್ಕೆ ಬಾಳೆಹಣ್ಣು ಅಂತೀವಿ. ಪಾಪುಗೆ ಈಗ ಬಾಳೆಹಣ್ಣು ಸಿಗ್ತಿಲ್ಲ. ಮಶಿನ್ ಹಾಕಿದ್ರೆ ಸಿಗುತ್ತೆ."

"ಈಗ್ಲೇ ಬಾಳೆಹಣ್ಣು ಬ್ಯಾಡ್ರಿ ಮೇಡಂ" ಅಂದಳು ಅಕ್ಕ ಗಾಬರಿಯಿಂದ, "ನೆಗಡಿ ಆಗ್ತೈತೆ. ಹಲ್ಲು ಬರ್ಲಿ."

ಮೇಡಂ ನಕ್ಕರು. ಚೈತ್ರ ನಕ್ಕಳು. ಎಷ್ಟೋ ದಿನದ ಮೇಲೆ ನಾವೆಲ್ಲ ನಕ್ಕೆವು, ಯಾಕೆ ನಗುತ್ತಾರೆ ಅಂತ ತಿಳಿಯದೆ ಅಕ್ಕನೂ ನಕ್ಕಳು. ಮೇಡಂ ಆಮೇಲೆ ಬಿಡಿಸಿ ಹೇಳಿದರು: ಆ, ಊ, ಮ, ಗ, ರ ಇಂಥ ದಪ್ಪ ಶಬ್ದಗಳು ಪಾಪುಗೆ ಬೇಗ ಸಿಗುತ್ತವೆ, ಸ, ಶ, ತ, ಕ ಥರದ ಸಣ್ಣ ಶಬ್ದಗಳು ಮಶಿನ್ ಹಾಕಿದರೂ ಸ್ವಲ್ಪ ಕಷ್ಟ.

ಮನೆಗೆ ಬಂದವಳೇ ಚೈತ್ರ ಆ ಚಿತ್ರವನ್ನು ಹಿಡಿದು ನನ್ನ ಹತ್ತಿರ ಕುಳಿತಳು. ಹೆರಿಗೆಗೆ ಮೊದಲೇ ಅವಳು ಮೊಬೈಲಿನಲ್ಲಿ ಹುಡುಕಿ ತ್ರಿಶಿಕಾ ಅನ್ನುವ ಹೆಸರು ಆರಿಸಿಟ್ಟಿದ್ದಳು. ಅಕ್ಕನ ಬಾಯಲ್ಲಿ ಅದು ತಿರ್ಸಿಕ ಆಗುತ್ತಿತ್ತು, ಅದಕ್ಕಾಗಿ ಅತ್ತೆ ಸೊಸೆಗೆ ಸಣ್ಣ ಮುನಿಸೂ ಆಗಿತ್ತು.

"ಅಪ್ಪ, ತ್ರಿಶಿಕಾದಲ್ಲಿ ಪಾಪುಗೆ ಏನೇನು ಕೇಳ್ಸುತ್ತೆ?"

ನಾನು ಮೇಷ್ಟ್ರು. ಅಕ್ಷರ ಅಕ್ಷರ ಬಿಡಿಸಿ ಲೆಕ್ಕ ಹಾಕಿದೆ. "ರಿ... ಇ... ಆ."

"ಅಷ್ಟೇನಾ?"

"ಅಷ್ಟೇ ಕಣಮ್ಮ."

ಅವಳು ಚಿತ್ರವನ್ನು ಮಡಚಿಟ್ಟಳು. "ಬ್ಯಾಡ. ಅವಳ ಹೆಸರು ಅವಳಿಗೆ ಪೂರ್ತಿ ಸಿಗಬೇಕು" ಅಂದಳು. ಒಳಗಿನಿಂದ ಅಕ್ಕ ಹೇಳಿದಳು, "ನಮ್ಮವ್ವನ ಹೆಸ್ರು ಇಡ್ರಿ. ಹೊಲದ ಆ ಬದುವಿನಾಗೆ ಅವ್ವ ಇದ್ರೆ ಈ ಬದುವಿನಿಂದ ಅಪ್ಪ ಕೂಗೋನು. ಒಂದ್ ಸಲಕ್ಕೇ ತಿರುಗೋಳು." ನಮ್ಮವ್ವನ ಹೆಸರು ಗೌರಮ್ಮ. ಹಿಂದಿನವರು ಹೆಸರಿಡುವಾಗ ಅರ್ಥಕ್ಕಿಂತ ಕೂಗಿಗೆ ಒದಗುತ್ತದೋ ಇಲ್ಲವೋ ನೋಡುತ್ತಿದ್ದರು ಅನ್ನಿಸುತ್ತದೆ. ಚೈತ್ರ ಸದ್ದು ಮಂದವಾಗಲಿ ಅಂತ ಬಾಯಿಗೆ ಸೆರಗು ಅಡ್ಡ ಹಿಡಿದು ಒಂದೆರಡು ಸಲ ಅಂದು ನೋಡಿದಳು. ಗೌರಿ. ಗೌರೀ. "ಇದು ಕೇಳ್ಸುತ್ತೆ" ಅಂದಳು.

ಕಿವಿಯ ಅಚ್ಚು ತೆಗೆದು ಮಶಿನ್ ತಯಾರಾಗಿ ಬರುವಷ್ಟರಲ್ಲಿ ಕೂಸು ಐದು ತಿಂಗಳಿಗೆ ಬಿದ್ದಿತ್ತು. ಗೋಡಂಬಿಯ ಆಕಾರದ ಮಶಿನ್ ಅದು, ಕಿವಿ ಹಿಂದೆ ಕೂರುತ್ತದೆ. ಹೊಸದರಲ್ಲಿ ಕೂಸು ಅದನ್ನು ಕಿತ್ತು ಬಾಯಿಗಿಟ್ಟುಕೊಳ್ಳುತ್ತಿತ್ತು. ಕೇಳಿಸುತ್ತಿದೆಯೋ ಇಲ್ಲವೋ ನಮಗೆ ತಿಳಿಯಲಿಲ್ಲ, ಸಮಯ ಬೇಕು ಅಂದಿದ್ದರು ಮೇಡಂ. ಮಶಿನ್ ಬಂತಲ್ಲ ಅಂತ ಅಕ್ಕನೂ ಒಪ್ಪಿದ್ದರಿಂದ ಅಷ್ಟರಲ್ಲೇ ಹೆಸರಿಡುವ ದಿನ ಬಂತು. ಹತ್ತಿರದ ಹೆಂಗಸರೆಲ್ಲ ಸೇರಿದರು. ಅಕ್ಕ ಹೊಸ ಸೀರೆಯುಟ್ಟು, ಚೈತ್ರನ ತೊಡೆಯ ಮೇಲಿದ್ದ ಕೂಸಿನ ಕಿವಿಗೆ ಬಗ್ಗಿ ಬಾಯಿಟ್ಟಳು.

ಕುಂಯ್ ಅಂತ ಮಶಿನ್ ಕಿರುಚಿತು.

ಅಕ್ಕ ಬೆಚ್ಚಿ ಹಿಂದೆ ಸರಿದಳು. ನನಗೆ ಕಾರಣ ಗೊತ್ತಿತ್ತು: ಆ ಮಶಿನ್ನಿಗೆ ಬಾಯಿಯೋ ಕೈಯೋ ತೀರಾ ಹತ್ತಿರ ಬಂದರೆ ಅದು ಹಾಗೇ ಕೂಗುತ್ತದೆ. ಹೇಳುವಷ್ಟರಲ್ಲಿ ಅವಳು ಮತ್ತೆ ಬಗ್ಗಿದಳು, ಅದು ಮತ್ತೆ ಕಿರುಚಿತು. ಹೆಂಗಸರಲ್ಲಿ ಗುಸುಗುಸು ಎದ್ದಿತು. ಅಕ್ಕ ಬಗ್ಗಿದ್ದವಳು ಎದ್ದು ನಿಂತಳು. "ಬ್ಯಾಡ ಅಂತೈತೆ ಕಣಲೇ" ಅಂದಳು ನನ್ನ ಕಡೆ ನೋಡಿ. ಕಾರಣ ಗೊತ್ತಿದ್ದೂ ನನಗೂ ಹೆದರಿಕೆಯಾಯಿತು.

"ಕಿವಿಗೆ ಬ್ಯಾಡ್ರಿ ಅತ್ತೆ" ಅಂದಳು ಚೈತ್ರ. "ಒಂದು ಮಾರು ದೂರ ನಿಂತು, ಜೋರಾಗಿ ಕೂಗ್ರಿ."

"ಊರಿಗೆಲ್ಲ ಕೇಳ್ತೈತಲ್ಲೇ. ಮೊದ್ಲು ಕೂಸಿಗೆ ಕೇಳ್ಬೇಕು."

"ಕೂಸಿಗೂ ಕೇಳ್ಲಿ, ಊರಿಗೂ ಕೇಳ್ಲಿ. ಕೂಗ್ರಿ."

ಅಕ್ಕ ಕೂಸಿನ ಎದುರಿಗೇ ಒಂದು ಮಾರು ಹಿಂದೆ ಸರಿದು ನಿಂತಳು. "ಗೌರೀ" ಅಂದಳು. ಮುಷ್ಟಿ ಚೀಪುತ್ತಿದ್ದ ಕೂಸು ಚೀಪುವುದನ್ನು ನಿಲ್ಲಿಸಿತು. ಕಣ್ಣು ದೊಡ್ಡದಾಯಿತು. ಅಕ್ಕ ಇನ್ನೊಮ್ಮೆ, ಗಂಟಲು ಹರಿಯುವ ಹಾಗೆ "ಗೌರೀ" ಅಂದಳು. ಕೂಸು ತುಟಿ ಸೊಟ್ಟ ಮಾಡಿ ಜೋರಾಗಿ ಅಳಲು ಶುರು ಮಾಡಿತು. ಅಯ್ಯೋ ಹೆದರ್ಸಿಬಿಟ್ಟೆ ಅಂತ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. "ಅಳ್ಲಿ ಬಿಡ್ರಿ ಅತ್ತೆ, ಕೇಳ್ಸಿದ್ದಕ್ಕೇ ಅಳ್ತಾ ಐತೆ" ಅಂತ ಚೈತ್ರ ತಾನೂ ಅಳತೊಡಗಿದಳು. ನನಗೆ ಆಗಲೂ ಅನುಮಾನ. ಕೇಳಿ ಅತ್ತಿತೋ, ಅಷ್ಟಗಲ ತೆರೆದ ಅಕ್ಕನ ಬಾಯಿ ನೋಡಿ ಅತ್ತಿತೋ?

ಮೂರನೆಯ ಸಲ ಅಕ್ಕನಿಗೆ ಸ್ವರ ಬರಲಿಲ್ಲ. "ನೀನ್ ಕೂಗಲೇ" ಅಂತ ಕೈಸನ್ನೆ ಮಾಡಿದಳು. ನಾನು ಚೈತ್ರನ ಬೆನ್ನ ಹಿಂದೆ, ಕೂಸಿಗೆ ಕಾಣದ ಕಡೆ ನಿಂತಿದ್ದೆ. ಕೈಯಲ್ಲಿ ಏನೂ ಇರಲಿಲ್ಲ. ಬೀಸುವ ಗಾಳಿಯೂ ಇರಲಿಲ್ಲ. "ಗೌರಿ" ಅಂದೆ. ನನ್ನ ಪಾಠದ ಗಂಟಲಲ್ಲೇ, ಹಿಂದಿನ ಬೆಂಚಿನವರೆಗೆ ಮುಟ್ಟುವ ಹಾಗೆ.

ಅಳು ಅರ್ಧಕ್ಕೆ ನಿಂತಿತು. ಕೂಸು ಮೊದಲು ಬಾಗಿಲ ಕಡೆ ತಿರುಗಿತು, ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ನಿಧಾನವಾಗಿ, ತಾಯಿಯ ತೋಳಿನ ಪಕ್ಕದಿಂದ ಕತ್ತು ಹೊರಳಿಸಿ, ನನ್ನನ್ನು ಹುಡುಕಿ ಹಿಡಿಯಿತು.

ನಾನು ಮತ್ತೆ ಕೂಗಿದೆ. ಮತ್ತೂ ಕೂಗಿದೆ. "ಶಾಸ್ತ್ರಕ್ಕೆ ಮೂರೇ ಸಲ ರೀ, ಸಾಕು" ಅಂತ ನನ್ನಾಕೆ ತೋಳು ಹಿಡಿದು ಜಗ್ಗಿದಳು. ನನಗೆ ಸಾಲಲಿಲ್ಲ.